ಸೋದರತ್ತೆಯ ಅರ್ಧ ಉಸಿರು

ತಮ್ಮನ ಮಗಳ ತೊಟ್ಟಿಲ ಕಾರ್ಯಕ್ಕೆ ನಾನು ಬರಬಹುದು, ಊಟ ಮಾಡಬಹುದು, ಕೂಸನ್ನು ನೋಡಲೂಬಹುದು, ಆದರೆ ಅದರ ಕಿವಿಯಲ್ಲಿ ಹೆಸರು ಹೇಳುವುದು ಮಾತ್ರ ಬೇಡ ಎಂದು ಕಮಲಾಪುರದ ಬೀಗರ ಮನೆಯಿಂದ ಸುದ್ದಿ ಬಂತು. ಸುದ್ದಿ ತಂದವನು ತಮ್ಮನೇ. ಶಹಾಬಜಾರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಅವನು ಮಷಿನ್ನಿನ ಎದುರು ಸ್ಟೂಲಿನ ಮೇಲೆ ಕುಳಿತು, ನೆಲದ ಮೇಲೆ ಬಿದ್ದಿದ್ದ ಬಟ್ಟೆಯ ಚೂರುಗಳನ್ನು ಕಾಲಿನಿಂದ ಗುಡ್ಡೆ ಮಾಡುತ್ತ, ನನ್ನ ಮುಖ ನೋಡದೆ ಹೇಳಿದ.

"ಅಕ್ಕಾ, ಹೆಸರು ತಮ್ಮ ಕಡಿಯವ್ರೇ ಯಾರರ ಇಡ್ಲಿ ಅಂತ ಆಯಿ ಅನ್ಲಾಕತ್ತಾರ. ನೀ ಬ್ಯಾರೆ ತಿಳ್ಕೋಬ್ಯಾಡ."

ಆಯಿ ಎಂದರೆ ಅವನ ಹೆಂಡತಿಯ ಅಜ್ಜಿ. ಆ ಮನೆಯಲ್ಲಿ ಅವರ ಮಾತಿಗೆ ಎದುರು ಮಾತಿಲ್ಲ.

"ಯಾಕಂತ?" ಎಂದೆ.

"ನಿನ್ನ ಉಸಿರು..." ಎಂದು ಅಲ್ಲಿಗೇ ನಿಲ್ಲಿಸಿದ. ಬಟ್ಟೆಯ ಚೂರುಗಳ ಗುಡ್ಡೆ ಅಷ್ಟು ಹೊತ್ತಿಗೆ ಚೆನ್ನಾಗಿಯೇ ಬೆಳೆದಿತ್ತು.

ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಕೂಗುವುದು ಸೋದರತ್ತೆಯ ಹಕ್ಕು, ಅಂದರೆ ತಂದೆಯ ಅಕ್ಕತಂಗಿಯರದು. ತೊಟ್ಟಿಲಿನ ಮೇಲೆ ಬಾಗಿ, ಕಿವಿಯ ಹತ್ತಿರ ಬಾಯಿ ಇಟ್ಟು 'ಕುರ್‍ರ್' ಎಂದು ಕೂಗಿ ಹೆಸರು ಹೇಳಬೇಕು. ಹೇಳುವಾಗ ಸುತ್ತ ನಿಂತ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ನನ್ನ ತಮ್ಮನಿಗೆ ಇರುವವಳು ನಾನೊಬ್ಬಳೇ ಅಕ್ಕ. ನಾನು ಮದುವೆಯಾಗಿಲ್ಲ, ಆಗಬೇಕು ಅನ್ನಿಸಿಯೂ ಇಲ್ಲ. ಹಾಗಾಗಿ ಮುತ್ತೈದೆಯರ ಪಂಕ್ತಿಗೆ ನನ್ನನ್ನು ಯಾರೂ ಕರೆಯುವುದಿಲ್ಲ, ಕರೆಯಲಿಲ್ಲವೆಂದು ನಾನು ಕೊರಗಿಲ್ಲ. ಆದರೆ ಇದೊಂದು ನನ್ನದು. ಹುಟ್ಟಿನಿಂದ ಬಂದದ್ದು. ಇದನ್ನು ಯಾರದೋ ಕೈಗೆ ಕೊಟ್ಟು ಗುಗ್ಗರಿ ತಿಂದು ಎದ್ದು ಬರುವವಳು ನಾನಲ್ಲ.

ತಮ್ಮನಿಗೂ ಅದನ್ನೇ ಹೇಳಿದೆ. ಅವನು ಚಹಾ ಕುಡಿಯದೆ ಹೋದ.

ಉಸಿರಿನ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳಿಂದ ನನಗೆ ಉಸಿರು ತುಂಬುವುದಿಲ್ಲ. ದಮ್ಮಿನ ಕಾಯಿಲೆ ಅಲ್ಲ, ಕೆಮ್ಮು ಇಲ್ಲ, ಎದೆಯಲ್ಲಿ ಸೀಟಿ ಹೊಡೆಯುವುದಿಲ್ಲ. ಮೆಟ್ಟಿಲು ಹತ್ತಿದರೆ, ನೀರಿನ ಕೊಡ ಹೊತ್ತರೆ ಏನೂ ಆಗುವುದಿಲ್ಲ. ಸುಮ್ಮನೆ ಕುಳಿತು ಗುಂಡಿ ಹಚ್ಚುವಾಗ ಬರುತ್ತದೆ. ಗಾಳಿ ಒಳಗೆ ಹೋಗುತ್ತದೆ, ಎದೆ ಏರುತ್ತದೆ, ಇನ್ನೇನು ತುಂಬಿತು ಅನ್ನುವಷ್ಟರಲ್ಲಿ ನಿಂತುಬಿಡುತ್ತದೆ. ನಳದ ಕೆಳಗೆ ಕೊಡ ಇಟ್ಟವರಿಗೆ ಗೊತ್ತು, ನೀರು ಕಂಠಕ್ಕೆ ಬಂದಾಗ ಸದ್ದು ಬದಲಾಗುತ್ತದೆ. ಒಳಗೆ ರೊಟ್ಟಿ ಬಡಿಯುವವರು ಆ ಸದ್ದು ಕೇಳಿಯೇ ಎದ್ದು ಬರುತ್ತಾರೆ. ನನ್ನ ಉಸಿರಿಗೆ ಆ ಕಂಠದ ಸದ್ದೇ ಬರುವುದಿಲ್ಲ. ಹಾಗಾಗಿ ಮತ್ತೆ ಎಳೆಯುತ್ತೇನೆ, ಮತ್ತೆ ಎಳೆಯುತ್ತೇನೆ. ಬಾಯಿ ಅಗಲ ತೆರೆದು ಆಕಳಿಸಿದರೆ, ಇಲ್ಲವೇ ಭುಜ ಎತ್ತಿ ದೊಡ್ಡದೊಂದು ನಿಟ್ಟುಸಿರು ಬಿಟ್ಟರೆ, ಒಮ್ಮೊಮ್ಮೆ ತುಂಬುತ್ತದೆ. ಆಗ ಎಂಥ ಸುಖ ಎಂದರೆ, ಕೈಯಲ್ಲಿನ ಸೂಜಿ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂಡುತ್ತೇನೆ. ಆಮೇಲೆ ಮತ್ತೆ ಅದೇ ಕಥೆ.

ವಾರಗಟ್ಟಲೆ ಹೀಗೆ ಕಾಡಿ, ಒಂದು ದಿನ ಹೇಳದೆ ಕೇಳದೆ ಹೋಗಿಬಿಡುತ್ತದೆ. ತಿಂಗಳುಗಟ್ಟಲೆ ಪತ್ತೆ ಇರುವುದಿಲ್ಲ. ಪೀಡೆ ತೊಲಗಿತು ಎಂದುಕೊಂಡು ಮರೆತಿರುತ್ತೇನೆ, ಯಾವುದೋ ಮಧ್ಯಾಹ್ನ ಗುಂಡಿಯ ತೂತಿಗೆ ಕಾಜಾ ಕಟ್ಟುತ್ತಿರುವಾಗ ಮತ್ತೆ ಹಾಜರು.

ಡಾಕ್ಟರುಗಳನ್ನು ಕಂಡೆ. ಮೊದಲಿನವರು ಎದೆಗೆ ಸ್ಟೆತಸ್ಕೋಪು ಇಡುವ ಮೊದಲೇ ಕೇಳಿದ್ದು, "ಮದುವಿ ಆಗ್ಯಾದೇನ್ರಿ?"

"ಇಲ್ರಿ."

"ಹಂಗಾದ್ರ ಅದೇ ಟೆನ್ಶನ್ ಇರ್ಬೇಕು," ಎಂದು ಚೀಟಿ ಬರೆಯಲು ಪೆನ್ನು ತೆಗೆದರು.

"ಎದಿ ಒಳಗಿನ ಗಾಳಿಚೀಲಕ್ಕೂ ಗಂಡ ಬೇಕೇನ್ರಿ ಡಾಕ್ಟರೇ?" ಎಂದೆ. ಪಕ್ಕದಲ್ಲಿ ನಿಂತಿದ್ದ ನರ್ಸಮ್ಮ ಮುಖ ತಿರುಗಿಸಿ ನಕ್ಕಳು. ಡಾಕ್ಟರು ನಗಲಿಲ್ಲ. ಎಕ್ಸರೇ, ಇಸಿಜಿ, ರಕ್ತ, ಕೊಳವೆಯಲ್ಲಿ ಜೋರಾಗಿ ಊದಿಸುವ ಪರೀಕ್ಷೆ, ಎಲ್ಲವನ್ನೂ ಬರೆದುಕೊಟ್ಟರು. ಎಲ್ಲ ಮಾಡಿಸಿದೆ. ಎಲ್ಲವೂ ನಾರ್ಮಲ್. ಒಳ್ಳೆಯ ಸುದ್ದಿ ಎಂದು ಎಲ್ಲರೂ ಖುಷಿಪಟ್ಟರು. ನನಗೂ ಖುಷಿಯಾಯಿತು, ಸುಳ್ಳು ಹೇಳಬಾರದು. ಆದರೆ ಆ ರಿಪೋರ್ಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಆಟೋದಲ್ಲಿ ಕುಳಿತಾಗಲೂ ಉಸಿರು ತುಂಬಲಿಲ್ಲ. ಅದಕ್ಕೆ ಏನು ಮಾಡಬೇಕೆಂದು ರಿಪೋರ್ಟಿನಲ್ಲಿ ಬರೆದಿರಲಿಲ್ಲ.

ಆಮೇಲೆ ಕಂಡ ಒಬ್ಬ ಡಾಕ್ಟರಮ್ಮ ಎಲ್ಲ ಹಾಳೆಗಳನ್ನು ಸಮಾಧಾನದಿಂದ ತಿರುವಿ, "ಅಪಾಯ ಏನೂ ಇಲ್ರಿ. ಯಾಕ ಹಿಂಗ ಆಗ್ತದ ಅಂತ ಮಾತ್ರ ನನಗ ಗೊತ್ತಿಲ್ಲ. ಹೆಚ್ಚೂಕಮ್ಮಿ ಆದ್ರ ಬರ್ರಿ," ಎಂದರು. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ. ಆ ದಿನ ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಊರಿನವರಿಗೆ ಮಾತ್ರ ಎಲ್ಲರಿಗೂ ಗೊತ್ತಿತ್ತು. ಓಣಿಯ ಒಬ್ಬರು ಗ್ಯಾಸು ಎಂದರು, ಇನ್ನೊಬ್ಬರು ರಕ್ತ ಕಮ್ಮಿ ಎಂದರು. ಬುರಖಾ ಹೊಲಿಸಲು ಬರುವ ನಮ್ಮ ಹಿಂದಿನ ಗಲ್ಲಿಯ ಆಪಾ ಪ್ರೀತಿಯಿಂದ ದರ್ಗಾದಲ್ಲಿ ಪ್ರಾರ್ಥನೆ ಓದಿ ಊದಿಸಿದ ನೀರನ್ನು ಬಾಟಲಿಯಲ್ಲಿ ತಂದುಕೊಟ್ಟರು. ನನ್ನ ಉಸಿರೇ ನನಗೆ ಸಾಲದಿರುವಾಗ ಬೇರೆಯವರ ಉಸಿರು ಸ್ವಲ್ಪ ಸೇರಿದರೆ ಕೆಟ್ಟದ್ದೇನು ಎಂದು ಅದನ್ನೂ ಕುಡಿದೆ. ಆಪಾಗೆ ಹಾಗೇ ಹೇಳಿದಾಗ, "ಹಾಯ್ ಅಲ್ಲಾ, ಈಕಿ ಬಾಯಿ ನೋಡ್ರಿ!" ಎಂದು ತಲೆಗೆ ಮೊಟಕಿದರು.

ಅವ್ವನದು ಇನ್ನೊಂದು ಪರಿ. ದೃಷ್ಟಿ ತೆಗೆಯುವಾಗ ಆಕಳಿಕೆ ಬಂದರೆ ದೃಷ್ಟಿ ಆಗಿರುವುದು ಖರೆ ಎಂಬುದು ನಮ್ಮಲ್ಲಿನ ಲೆಕ್ಕ. ನಾನೋ ಮೂರು ಹೊತ್ತೂ ಬಾಯಿ ತೆರೆದು ಉಸಿರು ಹುಡುಕುವವಳು. ಅವ್ವ ಉಪ್ಪು ಮೆಣಸಿನಕಾಯಿ ಹಿಡಿದು ನನ್ನ ಮುಂದೆ ಕೈ ತಿರುಗಿಸಲು ಶುರು ಮಾಡುವ ಮೊದಲೇ ಆಕಳಿಸಿದೆ, ತಿರುಗಿಸುವಾಗ ಆಕಳಿಸಿದೆ, ಮುಗಿದ ಮೇಲೂ ಆಕಳಿಸಿದೆ. "ಯವ್ವಾ, ಇಡೀ ಶಹಾಬಜಾರದ ಕಣ್ಣು ನಿನ್ನ ಮ್ಯಾಲೇ ಬಿದ್ದಾದ!" ಎಂದು ಅವ್ವ ಗಾಬರಿಯಾಗಿ ಮೆಣಸಿನಕಾಯಿಗಳನ್ನು ಒಲೆಗೆ ಹಾಕಿದಳು. ದೃಷ್ಟಿ ಆಗಿದ್ದರೆ ಘಾಟು ಬರಬಾರದು. ಬಂದ ಘಾಟಿಗೆ ನಾವಿಬ್ಬರೂ ಕೆಮ್ಮುತ್ತ ಓಣಿಗೆ ಓಡಿದೆವು, ಎದುರು ಮನೆಯವರೂ ಹೊರಗೆ ಬಂದರು. ಮೆಣಸಿನಕಾಯಿಯೇ ನನ್ನ ಪರವಾಗಿ ಸಾಕ್ಷಿ ಹೇಳಿದರೂ ಅವ್ವ ಒಪ್ಪಲಿಲ್ಲ. ಮೆಣಸಿನಕಾಯಿ ಹೊಸದು, ಅದಕ್ಕೇ ಘಾಟು ಎಂದಳು.

ಇವೆಲ್ಲ ನಕ್ಕು ಬಿಡುವಂಥವು. ಬಿಡಲಾಗದ್ದು ನಿಟ್ಟುಸಿರಿನ ವಿಷಯ. ಆಕಳಿಕೆಯನ್ನಾದರೂ ಜನ ನಿದ್ದೆ ಎಂದು ಮಾಫ್ ಮಾಡುತ್ತಾರೆ, ನಿಟ್ಟುಸಿರನ್ನು ಮಾಡುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಉಸ್ ಅನ್ನಬಾರದು, ಉಣ್ಣುವವರ ಮುಂದೆ ಅನ್ನಬಾರದು, ಮದುಮಕ್ಕಳ ಹತ್ತಿರವಂತೂ ಅನ್ನಲೇಬಾರದು. ಹೊಟ್ಟೆಯಲ್ಲಿ ಸಂಕಟ ಇಟ್ಟುಕೊಂಡವರ ಉಸಿರು ತಟ್ಟುತ್ತದೆ ಎಂಬ ನಂಬಿಕೆ. ಮದುವೆಯಾಗದ ಹೆಂಗಸು ಉಸ್ ಎಂದರೆ ಸಂಕಟ ಯಾವುದೆಂದು ಯಾರೂ ಕೇಳಬೇಕಾಗಿಯೂ ಇಲ್ಲ. ಅಳತೆ ಕೊಡಲು ಬಂದ ಗಿರಾಕಿಗಳು, ನನ್ನ ಟೇಪು ಅವರ ಎದೆಯ ಸುತ್ತ ಇರುವಾಗಲೇ, "ಯಾಕವ್ವಾ, ಯಾರ ನೆನಪಾಯ್ತು?" ಎಂದು ಮರುಗುವ ದನಿಯಲ್ಲಿ ಕೇಳುತ್ತಿದ್ದರು. ಹೊಟ್ಟೆ ಒಳಗೆಳೆದುಕೊಂಡು, ಉಸಿರು ಹಿಡಿದು, ಸುಳ್ಳು ಅಳತೆ ಕೊಡುವವರು ಅವರು. ಮರುಕ ಮಾತ್ರ ನನಗೆ!

ಹಾಗಾಗಿ ಬಹಳ ದಿನ ಅಡಗಿಸಿದೆ. ಉಸಿರು ಎಳೆಯಬೇಕೆನಿಸಿದಾಗ ದಾರದ ಉಂಡೆ ಹುಡುಕುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ. ಮಷಿನ್ ಜೋರಾಗಿ ತುಳಿದು ಅದರ ಸದ್ದಿನಲ್ಲಿ ಬಿಡುತ್ತಿದ್ದೆ. ಸೆರಗು ಬಾಯಿಗೆ ಹಿಡಿದು ಸೀನಿದಂತೆ ಮಾಡುತ್ತಿದ್ದೆ. ತಡೆದಷ್ಟೂ ಅದು ಹೆಚ್ಚು ಕಾಡುತ್ತಿತ್ತು. ತಮ್ಮನ ಮದುವೆಯ ದಿನ ಮಾತ್ರ ಎಷ್ಟು ತಡೆದರೂ ಆಗಲಿಲ್ಲ. ಎಲ್ಲರೂ ಅಕ್ಕಿಕಾಳು ಹಿಡಿದು ನಿಂತಿದ್ದರು, ಬಾಜಾ ಇದ್ದಕ್ಕಿದ್ದಂತೆ ನಿಂತಿತು, ಆ ನಿಶ್ಶಬ್ದದಲ್ಲಿ ನನ್ನ ಉಸ್ ಇಡೀ ಮಂಟಪಕ್ಕೆ ಕೇಳಿಸಿತು. ಪಕ್ಕದಲ್ಲಿ ನಿಂತಿದ್ದವರು ಆಯಿ. ಒಮ್ಮೆ ನನ್ನ ಮುಖ ನೋಡಿ ತಮ್ಮ ಮೊಮ್ಮಗಳ ಕಡೆ ಸರಿದು ನಿಂತರು. ಆಗ ಸರಿದದ್ದು ಈಗ ಸುದ್ದಿಯಾಗಿ ಬಂದಿತ್ತು.

"ಹೋಗಲಿ ಬಿಡವ್ವಾ," ಎಂದಳು ಅವ್ವ. "ಬೀಗರ ಕೂಡ ಯಾಕ ಜಗಳ? ಹೆಸರು ಯಾರ್ ಇಟ್ರೂ ಹೆಸರೇ."

"ನೀ ಬರ್ತಿದ್ರ ಬಾ. ಇಲ್ಲಾಂದ್ರ ನಾ ಒಬ್ಬಾಕೇ ಹೋಗ್ತೀನಿ," ಎಂದೆ. ಅವತ್ತು ಕುಂಚಿಗೆ ಹೊಲಿಯಲು ಕುಳಿತೆ. ಕೂಸಿನ ತಲೆ ಬೆನ್ನು ಮುಚ್ಚುವ ಕುಂಚಿಗೆ, ಕೆಂಪು ಖಣದ್ದು, ಅಂಚಿಗೆ ಹಸಿರು ಪಟ್ಟಿ. ಹೊಲಿಯುವಾಗ ಉಸಿರು ಬೇಕಾದಷ್ಟು ಸಲ ಎಳೆದೆ, ಬೇಕಾದಷ್ಟು ಸಲ ಉಸ್ ಎಂದೆ. ಆ ದಿನದಿಂದ ಅಡಗಿಸುವುದನ್ನು ಬಿಟ್ಟೆ. ಗಿರಾಕಿ ಒಬ್ಬಳು ಯಾರ ನೆನಪಾಯ್ತು ಎಂದಾಗ, "ಉಸಿರಿನ ನೆನಪಾಯ್ತು, ನೀ ಹೊಟ್ಟಿ ಸಡಲ್ ಬಿಡು," ಎಂದೆ.

ಹೆಸರನ್ನೂ ಆಗಲೇ ಆರಿಸಿಟ್ಟಿದ್ದೆ. ತಮ್ಮನಿಗೆ ಉದ್ದದ್ದು, ಹೊಸ ನಮೂನೆಯದು ಬೇಕಿತ್ತು. ನಾನು ಎರಡಕ್ಷರದ್ದು ಹೇಳಿದೆ. ಫೋನಿನಲ್ಲಿ ಅವನ ಹೆಂಡತಿ ಎರಡು ಸಲ ಅಂದು ನೋಡಿ, "ಚೊಲೋ ಅದರೀ ಅಕ್ಕಾ, ಕರಿಲಾಕ ಹಗುರ," ಎಂದಳು. ಅರ್ಧ ಉಸಿರಿಗೂ ಸಾಕಾಗಲಿ ಎಂದು ನಾನು ಅದನ್ನು ಆರಿಸಿದ್ದು. ಅದನ್ನು ಅವಳಿಗೆ ಹೇಳಲಿಲ್ಲ.

ತೊಟ್ಟಿಲ ದಿನ ಬೆಳಗಿನ ಬಸ್ಸಿಗೇ ಹೊರಟೆವು. ಹೋಗಲಿ ಬಿಡು ಎಂದಿದ್ದ ಅವ್ವ ನನಗಿಂತ ಮೊದಲು ಸೀರೆ ಉಟ್ಟು ನಿಂತಿದ್ದಳು. ಕಮಲಾಪುರದ ಬಸ್ ನಿಲ್ದಾಣದಲ್ಲಿ ಇಳಿದೆವು. ಅಂದು ಸಂತೆಯ ದಿನ, ಕೆಂಪು ಬಾಳೆಯ ಗೊನೆಗಳ ನಡುವೆ ದಾರಿ ಮಾಡಿಕೊಂಡು ಹೋದೆವು. ಉಸಿರು ಆ ದಿನ ಬೆಳಗಿನಿಂದಲೇ ಹಟ ಹಿಡಿದಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಎಷ್ಟು ಗಾಳಿ ಕುಡಿದರೂ ತುಂಬಿರಲಿಲ್ಲ.

ಆಯಿ ಅಂಗಳದಲ್ಲಿ ಕುಳಿತು ಗುಗ್ಗರಿಗೆ ನೆನೆಸಿದ ಕಡಲೆಯನ್ನು ಅಗಲವಾದ ಪರಾತದಲ್ಲಿ ಹರಡಿಕೊಂಡು ನೆನೆಯದ ಗಟ್ಟಿ ಕಾಳು ಆರಿಸುತ್ತಿದ್ದರು. ಅವ್ವ ಒಳಗೆ ಹೋದಳು. ನಾನು ಚಪ್ಪಲಿ ಬಿಟ್ಟು ನೇರ ಅವರ ಎದುರು ಕುಳಿತೆ.

"ಆಯಿ, ನಾ ಹೆಸರಿಡ್ಲಾಕ ಬಂದೀನ್ರಿ."

"ಬಾ ತಂಗಿ. ಮೊದಲು ಚಾ ಕುಡಿ. ಹೆಸರಿಂದು ಆಮ್ಯಾಲ ನೋಡಮು."

"ಆಮ್ಯಾಲ ಬ್ಯಾಡ್ರಿ, ಈಗೇ ಹೇಳ್ರಿ. ನನ್ನಿಂದ ಏನ್ ತಪ್ಪಾಗ್ಯಾದ?"

ಅವರು ಕಡಲೆಯಿಂದ ಕಣ್ಣು ಎತ್ತಲಿಲ್ಲ. "ತಪ್ಪಲ್ಲವ್ವಾ. ನಿನ್ನ ಮನಸಿನ್ಯಾಗ ಏನೋ ಸಂಕಟ ಅದ. ಅಕ್ಕಿಕಾಳು ಹಾಕೋ ಹೊತ್ತಿನ್ಯಾಗೂ ಉಸ್ ಅಂದಿ, ನಾ ಬಾಜೂಕೇ ಇದ್ದೆ. ಅಂಥ ಉಸಿರು ಕೂಸಿನ ಕಿವ್ಯಾಗ ಬೀಳಬಾರ್ದು."

"ನನಗ ಯಾವ ಸಂಕಟಾನೂ ಇಲ್ರಿ. ನನ್ನ ಕೈಯಾಗ ಕೆಲಸ ಅದ, ಉಂಡು ಉಟ್ಟು ಆರಾಮ ಅದೀನಿ. ಉಸಿರು ತುಂಬಂಗಿಲ್ಲ, ಅಷ್ಟೇ. ಯಾಕಂತ ಡಾಕ್ಟರಿಗೇ ಗೊತ್ತಿಲ್ಲ. ಅದಕ್ಕ ದುಃಖ ಅಂತ ಹೆಸರಿಡಬ್ಯಾಡ್ರಿ."

ಆಯಿ ನನಗಲ್ಲ, ಪರಾತಕ್ಕೆ ಹೇಳುವಂತೆ ಹೇಳಿದರು. "ನನ್ನ ಮೊದಲ್ನೇ ಕೂಸಿಂದು ತೊಟ್ಟಿಲ ದಿನ. ನನ್ನ ನಾದಿನಿ ಹೆಸರಿಡ್ಲಾಕ ಬಗ್ಗಿದ್ಳು. ಬಗ್ಗಿದಾಕಿ ಹಿಂಗೇ ಉಸ್ ಅಂದ್ಳು, ನಿನ್ನಂಗೇ. ಆ ಮಳಿಗಾಲಕ್ಕ ಕೂಸು ಹೋಯ್ತು."

ಎಷ್ಟೋ ವರ್ಷದ ಹಿಂದೆ ಸತ್ತ ಕೂಸು, ಅವರು ಆರಿಸಿದ ಕಾಳನ್ನೇ ಮತ್ತೆ ಆರಿಸುತ್ತಿದ್ದರು. ಎದ್ದು ಹೋಗಿಬಿಡಲೇ ಅನ್ನಿಸಿತು, ಖಂಡಿತ ಅನ್ನಿಸಿತು. ಆದರೆ ಆ ಕಾಣದ ನಾದಿನಿಯ ಮೇಲೆ ಕನಿಕರ ಎದ್ದಿತು.

"ಆಮ್ಯಾಲ ಆಕಿ?" ಎಂದೆ.

"ಆಮ್ಯಾಲ ಆಕೀನ್ನ ಯಾರೂ ಮನಿಗೆ ಕರೀಲಿಲ್ಲ. ತವರು ಅಂತ ಒಂದಿತ್ತು, ಅದೂ ಹೋಯ್ತು ಆಕಿಗೆ."

"ಯಾಕ ಉಸ್ ಅಂದಿ ಅಂತ ಆಕಿಗೆ ಯಾರರ ಕೇಳಿದ್ರೇನ್ರಿ?"

"ಯಾರ್ ಕೇಳ್ತಾರವ್ವಾ? ಬೈದ್ರು."

"ಆಕಿಗೂ ಉಸಿರು ಸಾಲ್ತಿದ್ದಿಲ್ಲೇನೋ ಆಯಿ."

ಕಡಲೆಯ ಮೇಲೆ ಅವರ ಕೈ ನಿಂತಿತು. ನನ್ನನ್ನು ನೋಡಿದರು. ಸಿಟ್ಟು ಇತ್ತೋ ಏನಿತ್ತೋ ಆ ನೋಟದಲ್ಲಿ ನನಗೆ ಗೊತ್ತಾಗಲಿಲ್ಲ. ಮೊಣಕಾಲಿಗೆ ಕೈ ಊರಿ ಎದ್ದು, ಪರಾತ ಎತ್ತಿಕೊಂಡು ಒಳಗೆ ಹೋದರು. ಮುದುಕಿಯ ಹಳೆಯ ಗಾಯವನ್ನು ಕೆದಕಿದೆನಲ್ಲ ಎಂದು ಕೆಟ್ಟದೆನಿಸಿತು. ಆಡಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ.

ಬಾಣಂತಿಯ ಕೋಣೆಯಲ್ಲಿ ಲೋಬಾನದ ಹೊಗೆ ತುಂಬಿತ್ತು. ತಮ್ಮನ ಹೆಂಡತಿ ಕೂಸಿಗೆ ಕುಂಚಿಗೆ ಹಾಕಿ ನೋಡಿ ನಕ್ಕಳು. "ಅಕ್ಕಾ, ಏನಂದ್ರು ಆಯಿ?" ಎಂದು ಮೆಲ್ಲಗೆ ಕೇಳಿದಳು. ಏನೂ ಅನ್ನಲಿಲ್ಲ ಎಂದೆ. "ಹಂಗಾದ್ರ ಹೋಗಿ ಕೂತುಬಿಡ್ರಿ," ಎಂದಳು. ಅವಳ ಈ ಧೈರ್ಯ ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಹೋಗಿ ಕುಳಿತೆ. ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿದ್ದರು, ಹೂವಿನ ಸರ ಸುತ್ತಿದ್ದರು. ಅವರ ಕಡೆಯ ಒಬ್ಬ ಹುಡುಗಿ ಹೊಸ ರೇಷ್ಮೆ ಸೀರೆ ಉಟ್ಟು ಆಗಲೇ ತಯಾರಾಗಿ ನಿಂತಿದ್ದಳು. ನಾನು ತೊಟ್ಟಿಲಿನ ತಲೆಯ ಕಡೆ ಕುಳಿತದ್ದು ನೋಡಿ ಗಲಿಬಿಲಿಯಾದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವ್ವ ಗೋಡೆಗೆ ಆತು ನಿಂತು ಸೆರಗಿನ ತುದಿ ತಿರುವುತ್ತಿದ್ದಳು. ಗುಂಡುಕಲ್ಲಿಗೆ ಬಟ್ಟೆ ಸುತ್ತಿ ಮೊದಲು ಅದನ್ನು ತೊಟ್ಟಿಲಲ್ಲಿ ಮಲಗಿಸಿ ತೆಗೆದರು, ಆಮೇಲೆ ಕೂಸನ್ನು ಮಲಗಿಸಿದರು. ಇನ್ನು ಹೆಸರು. ಯಾರೂ ನನಗೆ ಹೇಳು ಅನ್ನಲಿಲ್ಲ, ಏಳು ಅಂತಲೂ ಅನ್ನಲಿಲ್ಲ.

ಆಗ ಆಯಿ ಒಳಗಿನಿಂದ ಬಂದರು. ಅರಿಶಿನ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೆಂಗಸರ ನಡುವೆ ನುಗ್ಗಿ ನನ್ನ ಬೆನ್ನ ಹಿಂದೆ ನಿಂತರು.

"ಸರೀರಿ ಜರಾ," ಎಂದರು. "ಸೋದರತ್ತಿಗೆ ಗುದ್ದಾಕಿ ನಾನು."

ರೇಷ್ಮೆ ಸೀರೆಯ ಹುಡುಗಿ ಹಿಂದೆ ಸರಿದಳು. ನನ್ನ ಕಣ್ಣು ತುಂಬಿತು. ತುಂಬದ್ದು ಉಸಿರೊಂದೇ. ಬಾಗಿದೆ, ಎಳೆದೆ, ಅರ್ಧಕ್ಕೆ ನಿಂತಿತು. ಬೆನ್ನ ಹಿಂದೆ ಬಳೆಗಳ ಸದ್ದು, ಕೈಗಳೆಲ್ಲ ಎದ್ದಿದ್ದವು. ಈಗ ಗುದ್ದಿದರೆ ಇದ್ದದ್ದೂ ಹೋಗುತ್ತದೆ ಎಂದು ತಲೆ ಎತ್ತಿದೆ.

"ನಿಂದರ್ರಿ," ಎಂದೆ. "ನಾ ಉಸಿರು ತಗೊಂಡ ಮ್ಯಾಲ ಗುದ್ರಿ."

ಕೆಲವರು ನಕ್ಕರು. ಆಯಿ ಶ್ಶ್ ಎಂದರು.

ಸೆರಗು ಅಡ್ಡ ಹಿಡಿಯಲಿಲ್ಲ. ಭುಜ ಎತ್ತಿ, ಬಾಯಿ ತೆರೆದು, ಇಡೀ ಪಡಸಾಲೆಗೆ ಕೇಳುವಂತೆ ಉಸ್ ಎಂದೆ. ಬರಲಿಲ್ಲ. ಮತ್ತೊಮ್ಮೆ ಎಳೆದೆ. ಕೈಗಳು ಎತ್ತಿದ ಹಾಗೆಯೇ ಇದ್ದವು. ಯಾಕೆ ಎಂದು ಯಾರೂ ಕೇಳಲಿಲ್ಲ, ಯಾರ ನೆನಪಾಯ್ತು ಎಂದು ಯಾರೂ ಮರುಗಲಿಲ್ಲ. ಅಷ್ಟೂ ಹೆಂಗಸರು ನನ್ನ ಉಸಿರಿಗಾಗಿ ಕಾಯುತ್ತ ನಿಂತಿದ್ದರು. ತೊಟ್ಟಿಲಲ್ಲಿ ಕೂಸು ಕೆಂಪು ಕುಂಚಿಗೆಯೊಳಗಿಂದ ನನ್ನ ತೆರೆದ ಬಾಯಿಯನ್ನೇ ನೋಡುತ್ತಿತ್ತು.

"ಬಂತೇನವ್ವಾ?" ಎಂದರು ಆಯಿ.

"ಇಲ್ರಿ. ಅರ್ಧಾನೇ ಬಂದದ."

"ಅವಸರ ಇಲ್ಲ. ತಗೋ."

ಇನ್ನೊಮ್ಮೆ ತೆಗೆದುಕೊಂಡೆ. ಅದೂ ಅರ್ಧವೇ. ಎರಡಕ್ಷರಕ್ಕೆ ಅಷ್ಟು ಸಾಕಿತ್ತು. ಬಾಗಿ, ಕುರ್‍ರ್ ಎಂದು ಕೂಗಿ, ಅವಳ ಕಿವಿಯಲ್ಲಿ ಅವಳ ಹೆಸರು ಹೇಳಿದೆ, ನನ್ನ ಬೆನ್ನಿಗೆ ಮೊದಲ ಗುದ್ದು ಆಯಿಯದೇ ಬಿತ್ತು.